ನಡುಮಧ್ಯಾಹ್ನದ ನೆರಳು

ದ್ವೀಪದ ಕಡಲಹಕ್ಕಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದು ದಡದ ಓಣಿಯವರಿಗೆಲ್ಲ ಗೊತ್ತಿತ್ತು. ಮೀನಿಲ್ಲ ಎಂದು ಕೆಲವರು, ಕಾಲ ಕೆಟ್ಟಿತು ಎಂದು ಕೆಲವರು ಹೇಳುತ್ತಿದ್ದರು. ಪ್ರವಾಸಿಗರನ್ನು ಅಲ್ಲಿಗೆ ಕರೆದೊಯ್ಯುವ ಒಬ್ಬ ದೋಣಿಯವನು ಮಾತ್ರ ತಲೆ ಕೆಡಿಸಿಕೊಂಡಿರಲಿಲ್ಲ. ದ್ವೀಪದ ಬದಿಗೆ ಬಂದೊಡನೆ ಅವನು ಹಾರ್ನ್ ಒತ್ತುವನು. ಮರಳಿನ ಮೇಲಿದ್ದ ಹಕ್ಕಿಗಳೆಲ್ಲ ಒಮ್ಮೆಗೇ ಮೇಲೇಳುವವು. ದೋಣಿಯಲ್ಲಿ ಕೂತ ಪ್ರವಾಸಿಗರು ಫೋಟೊ ತೆಗೆಯುವರು. ಹೀಗಾಗಿ ಓಣಿಯಲ್ಲಿ ಅವನಿಗೆ ಪೀಪಿ ಎಂದೇ ಹೆಸರು.

ಆ ದ್ವೀಪದ ಕಾವಲಿನ ಕೆಲಸ ಅವನ ಅತ್ತಿಗೆಯದು. ಒಂದು ಸಂಜೆ ಬಾಗಿಲಲ್ಲಿ ಬೂಟು ಬಿಚ್ಚುತ್ತ ಅವರು ಹೇಳಿದರು: "ಮೊಟ್ಟೆ ಇಡೋ ಕಾಲ. ಹಾರ್ನ್ ಬೇಡಪ್ಪ, ದೂರದಿಂದ್ಲೇ ತೋರಿಸು."

"ದೂರದಿಂದ ನೋಡೋಕೆ ದಡದಲ್ಲೇ ನಿಂತ್ರಾಯ್ತಲ್ಲ ಅತ್ತಿಗೆ, ನನ್ನ ದೋಣಿ ಯಾಕೆ? ಅಷ್ಟಕ್ಕೂ ನಾನು ಎಬ್ಬಿಸೋದು ನಡುಮಧ್ಯಾಹ್ನ. ಆಗ ಬಿಸಿಲೇ ಕಾವು ಕೊಡುತ್ತೆ. ತಾಯಿಗೂ ಸ್ವಲ್ಪ ಬಿಡುವು."

"ನನಗೆ ಮಾತ್ರ ಒಂದಿನಾನೂ ಇಂಥ ಬಿಡುವು ಸಿಗ್ಲಿಲ್ಲ," ಎಂದು ಅವನ ಹೆಂಡತಿ ಒಳಗಿನಿಂದ ಚುಚ್ಚಿದಳು.

ಅತ್ತಿಗೆ ನಗಲಿಲ್ಲ. "ಮಧ್ಯಾಹ್ನ ಅದು ಕೂರೋದು ಕಾವಿಗಲ್ಲ, ಮೊಟ್ಟೆಗೆ ನೆರಳು ಕೊಡೋಕೆ. ನಾಳೆ ನನ್ನ ಜೊತೆ ಬಾ."

ಮರುದಿನ ಅವರು ಅವನನ್ನು ದ್ವೀಪದ ಅಂಚಿಗೆ ಕರೆದೊಯ್ದರು. ಹಕ್ಕಿಗಳು ಬಿಟ್ಟುಹೋಗಿದ್ದ ಮರಳಿನ ಕುಳಿಗಳಲ್ಲಿ ಮೊಟ್ಟೆಗಳು ಹಾಗೆಯೇ ಬಿದ್ದಿದ್ದವು. ಅತ್ತಿಗೆ ಒಂದನ್ನು ಅವನ ಅಂಗೈಗಿಟ್ಟರು. ಅದು ಸುಡುತ್ತಿತ್ತು. ಒಡೆದು ತೋರಿಸಿದರು. ಕೊಕ್ಕು ಮೂಡಿತ್ತು, ರೆಕ್ಕೆ ಮೂಡಿತ್ತು, ಜೀವವಿರಲಿಲ್ಲ.

"ಎದ್ದ ಹಕ್ಕಿ ಮತ್ತೆ ಬಂದು ಕೂರೋಷ್ಟರಲ್ಲಿ ಇನ್ನೊಂದು ದೋಣಿ ಬರುತ್ತೆ," ಎಂದರು ಅತ್ತಿಗೆ. "ಹಾರ್ನ್ ಒತ್ತೋದನ್ನ ಅವರೂ ನಿನ್ನ ನೋಡೇ ಕಲಿತಿದ್ದಾರೆ."

ತುಸು ದೂರದಲ್ಲಿ ಒಂಟಿ ಹಕ್ಕಿಯೊಂದು ಅಂಥದೇ ಮೊಟ್ಟೆಯ ಮೇಲೆ ರೆಕ್ಕೆ ಅರೆಬಿಚ್ಚಿ ನಿಂತಿತ್ತು.

"ಅದೂ ಸತ್ತಿದೆಯಾ?"

"ನಾಲ್ಕು ದಿನ ಆಯ್ತು. ತಾಯಿಗೆ ಗೊತ್ತಿಲ್ಲ."

"ಇನ್ನು ಹಾರ್ನ್ ಒತ್ತಲ್ಲ ಅತ್ತಿಗೆ. ಸರಿಹೋಗುತ್ತಲ್ವಾ?"

"ಈ ವರ್ಷದ್ದು ಮುಗೀತು. ಮುಂದೆ ಬರ್ತಾವೋ ಇಲ್ವೋ, ನನಗೂ ಗೊತ್ತಿಲ್ಲ."

ಅಂದಿನಿಂದ ಪ್ರವಾಸಿಗರ ಫೋನು ಬಂದರೆ ಹೆಂಡತಿಯೇ ಹೇಳುತ್ತಾಳೆ: "ಹಕ್ಕಿ ಎಬ್ಬಿಸೋ ದೋಣಿ ಬೇಕಾದ್ರೆ ನಮ್ಮನ್ನ ಕೇಳ್ಬೇಡಿ." ಮರುವರ್ಷ ಅವನು ಎಂಜಿನ್ ಆರಿಸಿ, ದೂರದಲ್ಲೇ ಕಾದು ನೋಡಿದ. ಮರಳು ಬರಿದಾಗಿತ್ತು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಹಕ್ಕಿಗಳು ಇನ್ನೂ ಬರುತ್ತಿರುವ ದ್ವೀಪಕ್ಕೆ ನೀವು ಹೋಗುವುದಾದರೆ ಮೊಟ್ಟೆಯ ಕಾಲದಲ್ಲಿ ದೂರ ನಿಲ್ಲಿ, ಸದ್ದು ಮಾಡಬೇಡಿ. ದೋಣಿಯವನ ಕೈ ಹಾರ್ನಿನತ್ತ ಹೋದರೆ ಬೇಡವೆನ್ನಿ. ಅವನು ಅದನ್ನು ಒತ್ತುವುದು ನಿಮ್ಮ ಸಂತೋಷಕ್ಕಾಗಿ.