ನಲವತ್ತಮೂರು ಕಣ್ಣಿನ ಚೀಟಿಗಳು

ಆ ವಿಡಿಯೋವನ್ನು ಸಿಂಧು ಮೊದಲ ಸಲ ನೋಡಿದ್ದು ಹತ್ತನೇ ತರಗತಿಯ ದೊಡ್ಡ ಪರದೆಯ ಮೇಲೆ, ಎಲ್ಲರ ಜೊತೆ ಕೂತು. ಮಂಡ್ಯದ ಆ ಖಾಸಗಿ ಹೈಸ್ಕೂಲಿನ ಮಕ್ಕಳ ಸೇವಾ ಸಂಘಕ್ಕೆ ‘ಸ್ಪಂದನ’ ಎಂದು ಹೆಸರು. ಅಭಿನವ್ ಅದರ ಅಧ್ಯಕ್ಷ, ಸಿಂಧು ಕಾರ್ಯದರ್ಶಿ. ಜಿಲ್ಲೆಯ ಅತ್ಯುತ್ತಮ ವಿದ್ಯಾರ್ಥಿ ಸೇವಾ ಸಂಘವೆಂಬ ಪ್ರಶಸ್ತಿಯ ಕೊನೆಯ ಸುತ್ತಿಗೆ ಸ್ಪಂದನ ಬಂದಿತ್ತು. ಅದಕ್ಕೆಂದು ಮಾಡಿಸಿದ ವಿಡಿಯೋ ಇದು.

ಮೊದಲು ಆಕಾಶದಿಂದ ತೆಗೆದ ಭತ್ತದ ಗದ್ದೆ. ಆಮೇಲೆ ‘ನಲವತ್ತಮೂರು ಬಾಳಿಗೆ ಬೆಳಕು’ ಎಂಬ ಅಕ್ಷರ. ಆಮೇಲೆ ಕನ್ನಡಕ ಹಾಕಿಕೊಂಡ ಮುದುಕಿಯೊಬ್ಬಳ ಮುಖ. ಅವಳ ತುಟಿ ಅಲ್ಲಾಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅದರ ಮೇಲೆ ಕೊಳಲು ನುಡಿಯುತ್ತಿತ್ತು, ಕೆಳಗೆ ಒಂದು ಸಾಲು ಬರುತ್ತಿತ್ತು: ‘ಈಗ ನನಗೆ ಎಲ್ಲವೂ ಕಾಣುತ್ತಿದೆ. ಮಕ್ಕಳೇ, ನಿಮಗೆ ಪುಣ್ಯ ಬರಲಿ.’

ತರಗತಿ ಚಪ್ಪಾಳೆ ತಟ್ಟಿತು. ಸಿಂಧುವಿನ ಕೈ ಮೇಲೇಳಲಿಲ್ಲ. ಆ ಮುದುಕಿ ಸಣ್ಣತಾಯಮ್ಮ. ಅವಳು ಆ ಮಾತಾಡುವಾಗ ಸಿಂಧು ಕ್ಯಾಮೆರಾದ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಳು. ಮುದುಕಿ ಅಂದದ್ದು, “ಏನೂ ಕಾಣಾಕಿಲ್ಲ ಕಣವ್ವ, ಎಲ್ಲಾ ಮಬ್ಬುಮಬ್ಬು. ಇದ ತಗ್ದು ಸರಿಯಾದ್ದು ಕೊಡ್ರವ್ವ.” ಮೂಗಿನ ಮೇಲಿದ್ದ ಕನ್ನಡಕವೂ ಅವಳದಲ್ಲ. ಪರೀಕ್ಷೆ ಮಾಡಲು ಬಂದವರ ಪೆಟ್ಟಿಗೆಯದು. ಫೋಟೋ ಆದಮೇಲೆ ಪೆಟ್ಟಿಗೆಗೇ ವಾಪಸು ಹೋಗಿತ್ತು.

ಕಿರುಗಾವಲಿನಲ್ಲಿ ಬಸ್ಸಿಳಿದು ಮೂರು ಕಿಲೋಮೀಟರು ಒಳಗೆ ಹೋದರೆ ತೋಪಿನಕೊಪ್ಪಲು. ಎರಡು ತಿಂಗಳ ಹಿಂದೆ ಅಲ್ಲಿನ ಹಾಲಿನ ಡೇರಿಯ ಜಗಲಿಯಲ್ಲಿ ಸ್ಪಂದನದವರು ಕಣ್ಣಿನ ಶಿಬಿರ ಮಾಡಿದ್ದರು. ಕಣ್ಣು ನೋಡಿದ ಡಾಕ್ಟರು ಹೇಳಿದ್ದನ್ನು ಚೀಟಿಯಲ್ಲಿ ಬರೆದವಳು ಸಿಂಧು. ನಲವತ್ತಮೂರು ಜನ, ನಲವತ್ತಮೂರು ಚೀಟಿ. ಎಲ್ಲರಿಗೂ ಬಾಯಿಬಿಟ್ಟು ಹೇಳಿದವಳೂ ಅವಳೇ: “ಮುಂದಿನ ಅಮಾವಾಸ್ಯೆಯೊಳಗೆ ಕನ್ನಡಕ ತಂದುಕೊಡ್ತೀವಿ ಅಜ್ಜಿ.” ಬಂದುಹೋದ ಅಮಾವಾಸ್ಯೆ ಎರಡು. ಎಲ್ಲ ನಡೆಯುತ್ತಿದೆ ಎಂದು ಅಭಿನವ್ ಹೇಳುತ್ತಿದ್ದ. ಅವಳು ನಂಬಿ ಸುಮ್ಮನಿದ್ದಳು.

ವಿರಾಮದಲ್ಲಿ ಅವನನ್ನು ಕಾರಿಡಾರಿನಲ್ಲೇ ನಿಲ್ಲಿಸಿದಳು.

“ಕನ್ನಡಕ ಕೊಟ್ಟಿದ್ದು ಯಾವತ್ತು?”

“ಅದು ಎರಡನೇ ಹಂತ ಕಣೇ. ಮೊದಲು ಪ್ರಶಸ್ತಿ ಬರಲಿ, ಆಮೇಲೆ ಯಾರಾದರೂ ದಾನಿಗಳು ತಾವಾಗೇ ಬರ್ತಾರೆ.”

“ಮತ್ತೆ ಆ ಅಜ್ಜಿ ಹೇಳದೇ ಇರೋ ಮಾತು ಯಾಕೆ ಹಾಕಿದ್ದೀಯ?”

“ಹೇಳ್ತಾಳಲ್ಲ, ಕನ್ನಡಕ ಸಿಕ್ಕಿದ ಮೇಲೆ! ಸ್ವಲ್ಪ ಮುಂಚೆ ಹಾಕಿದೀವಿ ಅಷ್ಟೆ.”

ಅವನ ಮುಖದಲ್ಲಿ ಕಳ್ಳತನದ ಗುರುತೇ ಇರಲಿಲ್ಲ. ಅದನ್ನು ಕಂಡು ಸಿಂಧುವಿಗೆ ಇನ್ನಷ್ಟು ಮೈ ಉರಿಯಿತು. ಸಂಘದ ಹೊಣೆ ಹೊತ್ತ ಅರುಂಧತಿ ಮಿಸ್ ಬಳಿಗೆ ಹೋದಳು. ಮಿಸ್ ಉತ್ತರಪತ್ರಿಕೆಗಳಿಂದ ತಲೆ ಎತ್ತಲಿಲ್ಲ. “ನಾಯಕತ್ವ ಅಂದರೆ ಎಲ್ಲವನ್ನೂ ನಾವೇ ಮಾಡೋದಲ್ಲ ಸಿಂಧು. ಮುಂದಿನ ವರ್ಷದ ಬ್ಯಾಚು ಮುಂದುವರಿಸುತ್ತೆ. ನೀನು ಪಬ್ಲಿಕ್ ಪರೀಕ್ಷೆ ಕಡೆ ಗಮನ ಕೊಡು.”

“ಚೀಟಿಗಳೆಲ್ಲಿವೆ ಮಿಸ್?”

“ಬೀರುವಿನಲ್ಲಿರಬೇಕು, ನೋಡು.”

ಚೀಟಿಗಳು ಬೀರುವಿನಲ್ಲೇ ಇದ್ದವು, ಹಳೆಯ ಬ್ಯಾನರುಗಳ ಕೆಳಗೆ. ಕೆಲವುಗಳ ಬೆನ್ನಿಗೆ ಯಾರೋ ರಸಪ್ರಶ್ನೆಯ ಅಂಕ ಗೀಚಿದ್ದರು. ಸಿಂಧು ಒಂದೊಂದನ್ನೇ ಬಿಡಿಸಿ ಓದಿದಳು. ಹದಿನೇಳನೆಯದಕ್ಕೆ ಬಂದಾಗ ಕೈ ನಿಂತಿತು. ‘ಅಂಕಯ್ಯ, 68 ವರ್ಷ. ಕಣ್ಣಿನೊಳಗಿನ ಒತ್ತಡ ಹೆಚ್ಚು. ಕನ್ನಡಕ ಸಾಲದು. ತಕ್ಷಣ ದೊಡ್ಡಾಸ್ಪತ್ರೆಗೆ ಕಳಿಸಬೇಕು.’ ‘ತಕ್ಷಣ’ದ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ. ಅಕ್ಷರವೂ ಅವಳದೇ, ಗೆರೆಯೂ ಅವಳದೇ. ಶಿಬಿರದ ದಿನ ಸಂಜೆ ಅದನ್ನು ಕಟ್ಟಿನಲ್ಲಿ ಸೇರಿಸಿ ಅಭಿನವ್‌ಗೆ ಕೊಟ್ಟು, ಬಸ್ಸಿನಲ್ಲಿ ಎಲ್ಲರ ಜೊತೆ ಅಂತ್ಯಾಕ್ಷರಿ ಹಾಡಿಕೊಂಡು ಮನೆಗೆ ಬಂದಿದ್ದಳು.

ಚೀಟಿಗಳನ್ನೆಲ್ಲ ಚೀಲಕ್ಕೆ ತುರುಕಿಕೊಂಡಳು.

ಗುತ್ತಲು ಬಡಾವಣೆಯ ಮನೆಯಲ್ಲಿ ಆ ಸಂಜೆ ಅವಳು ಊಟದೆದುರು ಕೂತು ಎಲ್ಲ ಹೇಳಿದಳು. ಅಪ್ಪ ಪಾರ್ಥಸಾರಥಿ ಸರ್ಕಾರಿ ಕಚೇರಿಯ ಗುಮಾಸ್ತರು. ಯಾವ ಕಾಗದಕ್ಕೂ ಮೂರು ಸಲ ಓದದೆ ರುಜು ಹಾಕಿದವರಲ್ಲ. “ದೊಡ್ಡವರ ವಿಷಯ ಮಗಳೇ. ಸ್ಕೂಲಿನವರನ್ನು ಎದುರು ಹಾಕಿಕೊಂಡು ಈ ವರ್ಷ ಹೇಗೆ?” ಎಂದರು.

ಅಜ್ಜಿ ತಿರುಮಲಮ್ಮ ಹುಳಿ ಬಡಿಸುತ್ತಿದ್ದವರು ಸೌಟು ಕೆಳಗಿಟ್ಟರು. “ಮಾತು ಕೊಟ್ಟಿದ್ದು ದೊಡ್ಡವರಲ್ಲ, ಇವಳು. ಇವಳು ಹೋಗಿ ಮುಖ ತೋರಿಸಲಿ. ಭಾನುವಾರ ನಾನೂ ಬರ್ತೀನಿ.”

ಭಾನುವಾರ ಇಬ್ಬರೂ ತೋಪಿನಕೊಪ್ಪಲಿಗೆ ಹೋದರು. ಸಣ್ಣತಾಯಮ್ಮ ಮನೆಯ ಮುಂದೆ ಅವರೆಕಾಯಿ ಬಿಡಿಸುತ್ತಿದ್ದವಳು ಸಿಂಧುವಿನ ದನಿ ಕೇಳಿದ್ದೇ ಎದ್ದು ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದಳು: “ಲೇ ಮುದ್ದಮ್ಮ, ಬಾ ಬಾ, ಕನ್ನಡ್ಕದ ಮಗು ಬಂದೈತೆ! ಎಲ್ರುನೂ ಕರಿ!”

ನೋಡನೋಡುತ್ತ ಹತ್ತಿಪ್ಪತ್ತು ಜನ ಸೇರಿದರು. ಒಬ್ಬ ಮುದುಕ ಮುಖ ತೊಳೆದುಕೊಂಡೇ ಬಂದಿದ್ದ. ಎಲ್ಲರೂ ಸಿಂಧುವಿನ ಕೈಚೀಲದ ಕಡೆ ನೋಡುತ್ತಿದ್ದರು. ಅದರಲ್ಲಿದ್ದದ್ದು ಚೀಟಿ ಮಾತ್ರ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ.

“ಕನ್ನಡಕ ತಂದಿಲ್ಲ ಅಜ್ಜಿ,” ಎಂದಳು. “ಮಾಡಿಸೋಕೇ ಕೊಟ್ಟಿಲ್ಲ.”

ಸಣ್ಣತಾಯಮ್ಮ ಶುರು ಮಾಡಿದಳು.

“ಅಲ್ಲ ಕಣವ್ವ, ಪೋಟ ಇಡುಸ್ಕೊಳಾಕೆ ನಾವ್ ಬೇಕು, ಕನ್ನಡ್ಕ ಕೊಡಾಕೆ ಬ್ಯಾಡ್ವಾ? ಚಲುವರಾಜು ರೇಸ್ಮೆ ಮನೇಲಿ ಉಳ ಆರ್ಸಾಕೆ ಓಯ್ತಿದ್ದೆ. ರೋಗದ ಉಳ ಯಾವ್ದು, ಚೆನ್ನಾಗಿರಾದ್ಯಾವ್ದು ನಂಗೆ ಗೊತ್ತಾಯ್ತಿಲ್ಲ. ‘ಕನ್ನಡ್ಕ ಬತ್ತದೆ, ಒಸಿ ತಡ್ಕಳಪ್ಪ’ ಅಂದೆ. ಒಂದ್ ತಿಂಗ್ಳು ತಡ್ಕಂಡ. ಆಮೇಕೆ ‘ನೀ ಬರಬ್ಯಾಡ ಬುಡು’ ಅಂದ. ನಿಮ್ಮ ಮಾತ್ ನಂಬ್ಕಂಡು ನಾನು ಅವುನ್ತಾವ ಸುಳ್ಳಿ ಆದೆ!”

ಸಿಂಧು ಅವಳಿಂದ ಏನನ್ನೂ ಮುಚ್ಚಿಡಬಾರದೆಂದುಕೊಂಡಳು. ಮೊಬೈಲು ತೆಗೆದು ವಿಡಿಯೋ ಹಾಕಿದಳು. ಸಣ್ಣತಾಯಮ್ಮ ಅದನ್ನು ಕಣ್ಣಿಗೆ ಹತ್ತಿರ ಹಿಡಿದಳು, ದೂರ ಹಿಡಿದಳು, “ಏನೋ ಬೆಳ್ಳಗೆ ಕಾಣ್ತದೆ” ಎಂದು ಮುದ್ದಮ್ಮನಿಗೆ ಕೊಟ್ಟಳು. ಓದಲು ಬರುವ ಒಬ್ಬಳು ಕೆಳಗಿನ ಸಾಲನ್ನು ಗಟ್ಟಿಯಾಗಿ ಓದಿದಳು.

“ನಾನಾ? ನಾ ಯಾವಾಗ ಅಂಗಂದೆ?” ಸಣ್ಣತಾಯಮ್ಮನ ಕತ್ತಿನ ನರ ಉಬ್ಬಿತು. “ಕಣ್ಣು ಕಾಣಾಕಿಲ್ಲ ಅಂತ ಬಾಯಿ ಬಡ್ಕಂಡ್ರೆ, ಎಲ್ಲಾ ಕಾಣ್ತದೆ ಅಂತ ಬರ್ಕಂಡವ್ರಾ? ನನ್ ಬಾಯ್ಗೆ ಇನ್ಯಾರ್ದೋ ಮಾತು ತುರುಕಾಕೆ ಅವ್ರ್ಯಾರವ್ವ?”

ಸಿಂಧು ಅಂಕಯ್ಯನ ಬಗ್ಗೆ ಕೇಳಿದಳು. ಮುದ್ದಮ್ಮ ಅವನ ಹೆಂಡತಿ. ಸಿಂಧುವಿನ ಕೈಹಿಡಿದು ತನ್ನ ಮನೆಯೊಳಗೆ ಕರೆದುಕೊಂಡು ಹೋದಳು. ಅಂಕಯ್ಯ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದ. ಎಡಗಣ್ಣು ತೆರೆದೇ ಇತ್ತು, ಆದರೆ ಅದು ಏನನ್ನೂ ನೋಡುತ್ತಿರಲಿಲ್ಲ. ಹದಿನೈದು ದಿನದ ಹಿಂದೆ ತಲೆನೋವು ಬಂತಂತೆ, ವಾಂತಿ ಆಯಿತಂತೆ, ಪಿತ್ತ ಅಂದುಕೊಂಡರಂತೆ. ಬೆಳಗಾಗುವಷ್ಟರಲ್ಲಿ ಆ ಕಡೆ ಕತ್ತಲೆ.

“ಕನ್ನಡ್ಕ ಬಂದ್ರೆ ಸರಿ ಓಯ್ತದೆ ಅಂತ ಕಾಯ್ತಾ ಕುಂತಿದ್ವಿ ಕಣವ್ವ,” ಎಂದಳು ಮುದ್ದಮ್ಮ.

ಸಿಂಧು ಹದಿನೇಳನೆಯ ಚೀಟಿಯನ್ನು ಅವಳಿಗೆ ಓದಿ ಹೇಳಿದಳು. ‘ತಕ್ಷಣ’ ಅನ್ನುವುದನ್ನೂ ಬಿಡಲಿಲ್ಲ. ತಿರುಮಲಮ್ಮ ಮೊಮ್ಮಗಳ ಭುಜದ ಮೇಲಿಂದ ಕೈ ತೆಗೆಯಲಿಲ್ಲ, ಆದರೆ ಸಮಾಧಾನವನ್ನೂ ಹೇಳಲಿಲ್ಲ. ಸೋಮವಾರ ಬೆಳಿಗ್ಗೆಯೇ ಅಂಕಯ್ಯನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಬರಲು ಮುದ್ದಮ್ಮನಿಗೆ ಹೇಳಿ, ತಾನೇ ಬಾಗಿಲಲ್ಲಿ ನಿಂತಿರುತ್ತೇನೆ ಎಂದರು.

ಹೊರಡುವಾಗ ಸಣ್ಣತಾಯಮ್ಮ ಕೇಳಿದಳು: “ನಿಮ್ ಇಸ್ಕೂಲು ಎಲ್ಲೈತವ್ವ?”

ಸಿಂಧು ವಿಳಾಸ ಹೇಳಿದಳು. ಬುಧವಾರ ಪ್ರಶಸ್ತಿಯವರು ನೋಡಲು ಬರುತ್ತಾರೆಂದೂ ಹೇಳಿದಳು. ಅದನ್ನು ಹೇಳಬೇಕೆಂದೇ ಹೇಳಿದಳು. ಆಮೇಲೆ ಯಾರು ಕೇಳಿದರೂ ಬಾಯಿತಪ್ಪಿ ಅಂದೆ ಎಂದು ಅವಳು ಜಾರಿಕೊಳ್ಳಲಿಲ್ಲ.

ಬುಧವಾರ ಹನ್ನೊಂದು ಗಂಟೆಗೆ ಗಣಿತದ ತರಗತಿ ನಡೆಯುತ್ತಿದ್ದಾಗ ಗೇಟಿನ ಕಡೆಯಿಂದ ಗದ್ದಲ ಕೇಳಿತು. ಸಿಂಧು ಕಿಟಕಿಯಲ್ಲಿ ನೋಡಿದಳು. ಒಂಬತ್ತು ಜನ ಮುದುಕಿಯರು, ಇಬ್ಬರು ಮುದುಕರು. ಹೆಂಗಸರಿಗೆ ಬಸ್ಸು ಪುಕ್ಕಟೆ, ಆಧಾರ್ ಕಾರ್ಡು ತೋರಿಸಿ ಹತ್ತಿ ಬಂದಿದ್ದರು. ಕಾವಲಿನ ಪುಟ್ಟಮಾದಯ್ಯ ಗೇಟಿಗೆ ಅಡ್ಡ ನಿಂತಿದ್ದ.

“ಇವತ್ತು ಒಳಗ್ ಬುಡಂಗಿಲ್ಲ ಕಣಮ್ಮ, ದೊಡ್ಡೋರು ಬಂದವ್ರೆ.”

“ನಮ್ ಪೋಟ ಒಳಗದೆ ಕಣ್ಲಾ, ನಾವ್ ಒಳಗ್ ಬರಬಾರ್ದಾ?” ಅದು ಸಣ್ಣತಾಯಮ್ಮನ ದನಿ.

ಸಿಂಧು ಎದ್ದಳು. ಮೇಷ್ಟ್ರು “ಎಲ್ಲಿಗೆ?” ಎಂದರು. “ನನ್ನನ್ನು ನೋಡೋಕೆ ಬಂದಿದ್ದಾರೆ ಸರ್,” ಎಂದು ಹೊರಟೇಬಿಟ್ಟಳು. ಗೆಳತಿ ಚಂದನ ಒಂದು ಕ್ಷಣ ಕೂತಿದ್ದು, ಪುಸ್ತಕ ಮುಚ್ಚಿ ಅವಳ ಹಿಂದೆ ಓಡಿದಳು. ಇಬ್ಬರೂ ಗೇಟಿನ ಚಿಲಕಕ್ಕೆ ಕೈ ಹಾಕಿದಾಗ ಪುಟ್ಟಮಾದಯ್ಯ ಮುಖ ಆ ಕಡೆ ತಿರುಗಿಸಿಕೊಂಡ.

ಸಭಾಂಗಣದಲ್ಲಿ ಅಭಿನವ್ ನಾಯಕತ್ವದ ಬಗ್ಗೆ ಮಾತಾಡುತ್ತಿದ್ದ. ಮುಂದಿನ ಸಾಲಿನಲ್ಲಿ ಮೂವರು ತೀರ್ಪುಗಾರರು. ಬಾಗಿಲಲ್ಲಿ ಹನ್ನೊಂದು ಜನ ಚಪ್ಪಲಿ ಬಿಡುತ್ತಿರುವುದನ್ನು ಕಂಡು ಅರುಂಧತಿ ಮಿಸ್ ಬಿಳಿಚಿಕೊಂಡರು. ಮರುಗಳಿಗೆಯಲ್ಲೇ ನಗು ತಂದುಕೊಂಡು ಮೈಕು ತೆಗೆದುಕೊಂಡರು.

“ನೋಡಿ, ನಮ್ಮ ಫಲಾನುಭವಿಗಳು! ಮಕ್ಕಳಿಗೆ ಕೃತಜ್ಞತೆ ಹೇಳಲು ಹಳ್ಳಿಯಿಂದ ಬಂದಿದ್ದಾರೆ!”

ಚಪ್ಪಾಳೆ ಬಿತ್ತು. ಸಿಂಧು ಮಿಸ್ ಮುಖವನ್ನೇ ನೋಡಿದಳು. ಇಷ್ಟು ಸಲೀಸಾಗಿ, ಇಷ್ಟು ಬೇಗ, ಅನ್ಯಾಯವನ್ನು ಹೂಮಾಲೆ ಮಾಡಿಬಿಡಬಹುದೇ?

ಸಣ್ಣತಾಯಮ್ಮ ನಡುದಾರಿಯಲ್ಲಿ ಕುರ್ಚಿ ತಡವಿಕೊಂಡು ಮುಂದೆ ಬಂದಳು. “ಅದೇನೋ ಅಂದ್ಯಲ್ಲವ್ವ, ಅದು ನಂಗ್ ಗೊತ್ತಿಲ್ಲ. ನನ್ ಕನ್ನಡ್ಕ ಎಲ್ಲಿ?”

“ಅಜ್ಜಿ, ಆಮೇಲೆ ಮಾತಾಡೋಣ...” ಎಂದರು ಮಿಸ್.

“ಎರಡ್ ತಿಂಗ್ಳಿಂದ ಆಮೇಕೆ ಆಮೇಕೆನೇ ಆಯ್ತು. ಯಾರಿಗ್ ಕೊಟ್ರಿ ಕನ್ನಡ್ಕವ? ಇವ್ರಲ್ಲಿ ಒಬ್ರು ಆಕಂಡವ್ರಾ ನೋಡಿ!”

ತೀರ್ಪುಗಾರರಲ್ಲಿ ಒಬ್ಬ ಹೆಂಗಸು ತಿರುಗಿ ಹನ್ನೊಂದು ಮುಖಗಳನ್ನು ನೋಡಿದರು. ಒಂದರ ಮೇಲೂ ಕನ್ನಡಕ ಇರಲಿಲ್ಲ. ಸಿಂಧು ಹೋಗಿ ನಲವತ್ತಮೂರು ಚೀಟಿಯನ್ನೂ ಅವರ ಮೇಜಿನ ಮೇಲೆ ಇಟ್ಟಳು. ಹದಿನೇಳನೆಯದನ್ನು ಎಲ್ಲಕ್ಕಿಂತ ಮೇಲೆ.

“ಇದನ್ನು ಬರೆದವಳು ನಾನು. ಇದು ನಮ್ಮ ಬೀರುವಿನಲ್ಲಿತ್ತು. ಇದರಲ್ಲಿರೋ ಅಂಕಯ್ಯನವರ ಒಂದು ಕಣ್ಣು ಹೋಗಿದೆ. ವಿಡಿಯೋದಲ್ಲಿ ಅಜ್ಜಿ ಹೇಳಿದ್ದು ‘ಏನೂ ಕಾಣಾಕಿಲ್ಲ’ ಅಂತ. ಬೇಕಾದರೆ ಕೊಳಲು ತೆಗೆದುಹಾಕಿ ಕೇಳಿ.”

ತಿರುಗಿ ನೋಡಿದ್ದ ತೀರ್ಪುಗಾರರು ಮೇಲಿನ ಚೀಟಿ ಕೈಗೆತ್ತಿಕೊಂಡರು.

ಆ ವರ್ಷ ಪ್ರಶಸ್ತಿ ಬೇರೆ ಶಾಲೆಗೆ ಹೋಯಿತು. ಕಾರಣವನ್ನು ಯಾರೂ ಎಲ್ಲೂ ಬರೆಯಲಿಲ್ಲ. ಶಾಲೆಯವರು ಸಿಂಧುವನ್ನು ಸಂಘದಿಂದ ತೆಗೆದರು, ಅವಳ ಅಪ್ಪನನ್ನು ಕರೆಸಿದರು. ‘ಶಿಸ್ತು ಉಲ್ಲಂಘಿಸಿ ಸಂಸ್ಥೆಯ ಹೆಸರಿಗೆ ಕಳಂಕ ತಂದದ್ದಕ್ಕೆ ಕ್ಷಮೆ ಕೋರುತ್ತೇವೆ’ ಎಂದು ಟೈಪು ಮಾಡಿದ ಕಾಗದ ಮುಂದಿಟ್ಟರು. ಪಾರ್ಥಸಾರಥಿ ಅದನ್ನು ಮೂರು ಸಲ ಓದಿದರು. ಪೆನ್ನಿನ ಮುಚ್ಚಳ ತೆಗೆದರು. ಸಿಂಧು ಅವರ ಕೈಯನ್ನೇ ನೋಡುತ್ತಿದ್ದಳು.

“ಇದರಲ್ಲಿ ಹೆಸರು ತಪ್ಪಿದೆ,” ಎಂದರು ಅವರು. “ಕ್ಷಮೆ ಕೇಳಬೇಕಾದ್ದು ಅಂಕಯ್ಯ ಅನ್ನೋರ ಹತ್ತಿರ. ಅದನ್ನು ಸರಿಮಾಡಿ ಕೊಡಿ, ರುಜು ಹಾಕ್ತೀನಿ.” ಮುಚ್ಚಳ ಹಾಕಿ ಎದ್ದರು. ದಾರಿಯುದ್ದಕ್ಕೂ ಪೆನ್ನನ್ನು ಜೇಬಿಗೆ ಹಾಕುವುದನ್ನು ಮರೆತು ಕೈಯಲ್ಲೇ ಹಿಡಿದಿದ್ದರು. ಮಗಳು ಅದನ್ನು ನೋಡಿಯೂ ನೋಡದಂತೆ ಪಕ್ಕದಲ್ಲಿ ನಡೆದಳು.

ತಿಂಗಳೊಳಗೆ ಕನ್ನಡಕಗಳು ತಯಾರಾದವು. ಮಾತು ಹೊರಗೆ ಹೋದಮೇಲೆ ಶಾಲೆಗೆ ಬೇರೆ ದಾರಿ ಇರಲಿಲ್ಲ. ಹಂಚಲು ಬಂದ ವ್ಯಾನಿನಲ್ಲಿ ಹೊಸ ಬ್ಯಾನರೂ ಇತ್ತು, ಕ್ಯಾಮೆರಾದವನೂ ಇದ್ದ. ಸಣ್ಣತಾಯಮ್ಮ ತನ್ನದನ್ನು ಹಾಕಿಕೊಂಡು ಮೊದಲು ಮಾಡಿದ್ದು ಆ ಬ್ಯಾನರು ಬಿಚ್ಚಿಸಿದ್ದು. “ಪೋಟ ಗೀಟ ಬ್ಯಾಡ, ಕೊಟ್ಬುಟ್ಟು ಓಯ್ತಾ ಇರಿ.” ಸೋಮವಾರ ಚಲುವರಾಜುವಿನ ರೇಷ್ಮೆ ಮನೆಗೆ ಹೋಗಿ, ಕೇಳದೆಯೇ ಹುಳದ ತಟ್ಟೆಯ ಮುಂದೆ ಕೂತಳು. ಅವನೂ ಏಳು ಅನ್ನಲಿಲ್ಲ.

ಅಂಕಯ್ಯನ ಬಲಗಣ್ಣು ಉಳಿಯಿತು. ಎಡಗಣ್ಣು ಇನ್ನು ಬರುವುದಿಲ್ಲ ಎಂದರು ಡಾಕ್ಟರು. ಎರಡು ತಿಂಗಳು ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಎಂದೂ ಹೇಳಿದರು, ಕಾಗದದ ಮೇಲೆ ಕಣ್ಣಿಟ್ಟುಕೊಂಡು, ಹವಾಮಾನದ ವರದಿ ಓದಿದಂತೆ.

ಹದಿನೈದು ದಿನಕ್ಕೊಮ್ಮೆ ಅವನು ಮಂಡ್ಯಕ್ಕೆ ಬರುವಾಗ ಸಿಂಧು ಆಸ್ಪತ್ರೆಯ ಸಾಲಿನಲ್ಲಿ ಮುಂಚೆಯೇ ನಿಂತಿರುತ್ತಿದ್ದಳು, ಕಂಕುಳಲ್ಲಿ ಸಮಾಜ ವಿಜ್ಞಾನದ ಪುಸ್ತಕ. ಒಂದು ದಿನ ಬೆಂಚಿನ ಮೇಲೆ ಅವಳು ಪುಸ್ತಕ ತೆರೆಯದೆ ಕೂತಿದ್ದನ್ನು ಅರಿತು ಅಂಕಯ್ಯ ಅವಳ ಕಡೆ ಪೂರ್ತಿ ತಿರುಗಿದ. ಈಗ ಹಾಗೆ ತಿರುಗಿದರೇನೇ ಅವನಿಗೆ ಪಕ್ಕದಲ್ಲಿರುವವರು ಕಾಣುತ್ತಿದ್ದುದು.

“ಓಗ್ಲಿ ಬುಡು ಮಗ. ಚಿಕ್ ಮಕ್ಳು, ತಿಳೀದೆ ಮಾಡವ್ರೆ. ಸಿಟ್ಟು ಬುಟ್ಬುಡು.”

ಜೊತೆಗೆ ಬಂದಿದ್ದ ಸಣ್ಣತಾಯಮ್ಮ ಹೊಸ ಕನ್ನಡಕದೊಳಗಿಂದ ಅವನನ್ನು ದುರುಗುಟ್ಟಿಕೊಂಡು ನೋಡಿದಳು. “ಯಾಕ್ ಬುಡಾದು? ಕಣ್ಣ್ ಓಗಿರಾದು ನಿಂದು, ಅದ್ಕೆ ನಿಂಗ್ ಬುಡಾಕಾಯ್ತದೆ. ಅವ್ಳು ಬುಡಬಾರ್ದು. ನೀನು ಬುಡಬ್ಯಾಡ ಕಣವ್ವ.”

ನರ್ಸು ಹೆಸರು ಕೂಗಿದಳು. ಸಿಂಧು ಅಂಕಯ್ಯನ ಎಡಗಡೆಗೆ ಬಂದು ಅವನ ತೋಳು ಹಿಡಿದುಕೊಂಡಳು. ಸಿಟ್ಟು ಬಿಟ್ಟಿರಲಿಲ್ಲ ಅವಳು. ಬಿಡುವ ಮನಸ್ಸೂ ಇರಲಿಲ್ಲ.