ಮೆಂತ್ಯದ ಜೊತೆ ನೆನೆದ ಕಾವ್ಯ

ನನ್ನಪ್ಪ ಯಂಕಪ್ಪ ಪೆದ್ದೆಮುಲ್ ಕಡೆಯ ಕವಿ. ಕುರಿ ಕಾಯುತ್ತಲೇ ಬರೆದವನು, ಎಪ್ಪತ್ತೈದು ದಾಟಿದರೂ ಬರೆಯುವುದನ್ನು ಬಿಡದವನು. ತಾಂಡೂರಿನ ಕಲ್ಲಿನ ಅಂಗಡಿಯ ಬಿಲ್ಲು, ಮದುವೆಯ ಕಾರ್ಡು, ನನ್ನ ಪರೀಕ್ಷೆಯ ಉತ್ತರಪತ್ರಿಕೆ, ಯಾವುದರ ಬೆನ್ನೂ ಅವನ ಪೆನ್ನಿನಿಂದ ತಪ್ಪಿಸಿಕೊಳ್ಳಲಿಲ್ಲ. ಬರೆದದ್ದನ್ನು ಜೋಪಾನ ಮಾಡುವ ಬುದ್ಧಿಯನ್ನು ಮಾತ್ರ ದೇವರು ಅವನಿಗೆ ಕೊಡಲಿಲ್ಲ.

ಅಂಥವನ ಕಾಗದಪತ್ರಗಳನ್ನು ಕಾಪಿಡುತ್ತೇವೆಂದು ಬೀದರಿನ ಸಂಗ್ರಹಾಲಯವೊಂದರಿಂದ ಭೀಮಾಶಂಕರ ಎಂಬವರು ಬಂದರು. ಅಪ್ಪನ ಮುಖ ಊರಗಲವಾಯಿತು. ಯಾರೇ ಬರಲಿ, ಮೊದಲು ಹೊರಗೆ ಬಂದು ಊರು ಕೇರಿ ವಿಚಾರಿಸುವ ನನ್ನವ್ವ ಮರೆಮ್ಮ ಮಾತ್ರ ಅಂದು ರೊಟ್ಟಿಯ ನೆಪ ಮಾಡಿ ಒಳಗೇ ಉಳಿದಳು. ಕಾರಣ ನನಗೆ ಗೊತ್ತಿತ್ತು.

ನಾನು ಶಾಲೆಗೆ ಹೋಗುತ್ತಿದ್ದ ಕಾಲದ ಮಾತು. ಅಪ್ಪ ಹಿಂಡು ಹೊಡೆದುಕೊಂಡು ಕರಣಕೋಟದ ಕಡೆ ಹೋಗಿದ್ದ. ನಮ್ಮಲ್ಲಿ ಹೆಂಗಸರು ರದ್ದಿ ಕಾಗದವನ್ನು ಮೆಂತ್ಯದ ಜೊತೆ ನೆನೆಹಾಕಿ, ಒರಳಲ್ಲಿ ಕುಟ್ಟಿ, ಬೋರಲು ಹಾಕಿದ ಗಡಿಗೆಗೆ ಬಳಿದು ಬುಟ್ಟಿ ಮಾಡುತ್ತಾರೆ. ಓದು ಬಾರದ ಅವ್ವ ಮೂಲೆಯಲ್ಲಿದ್ದ ಕಾಗದವನ್ನೆಲ್ಲ ನೆನೆಹಾಕಿದಳು. ಅಪ್ಪನ ದೊಡ್ಡ ಕಾವ್ಯ ‘ಹಿಂಡಿನ ಹಾದಿ’ ಅದರಲ್ಲೇ ಇತ್ತು. ನಾನು ಬಂದು ಗುರುತು ಹಿಡಿಯುವಷ್ಟರಲ್ಲಿ ಕಾವ್ಯ ಹಿಟ್ಟಾಗಿತ್ತು.

“ಭವಾನಿ, ನಿಮ್ಮಪ್ಪಗ ಹೇಳಿದಿ ಅಂದ್ರ ನನ್ನಾಣಿ ನೋಡು,” ಎಂದಳು ಅವ್ವ.

ನಾನು ಬಾಯಿ ಬಿಡಲಿಲ್ಲ. ಅಪ್ಪ ಬಂದು ಮನೆಯೆಲ್ಲ ಜಾಲಾಡಿ, ಆಮೇಲೆ ಸುಮ್ಮನಾದ. ಮುಂದಿನ ಮಳೆಗಾಲಕ್ಕೆ ಕಾವ್ಯವನ್ನು ಮತ್ತೆ ಬರೆದ. ಅದೇ ಅಚ್ಚಾಯಿತು, ಅದರಿಂದಲೇ ಹೆಸರೂ ಬಂತು. ಆದರೂ ಅವ್ವನ ಅಂಜಿಕೆ ಹೋಗಲಿಲ್ಲ. ಗೊತ್ತಾದರೆ ಈ ಮನುಷ್ಯ ತನ್ನೊಡನೆ ಮಾತು ಬಿಟ್ಟಾನು ಎಂದೇ ಅವಳು ಇಷ್ಟು ವರ್ಷ ನಂಬಿದ್ದಳು.

ಭೀಮಾಶಂಕರರು ಅಪ್ಪನ ಕಾಗದದ ಗಂಟು ಬಿಚ್ಚಿ ಒಂದೊಂದೇ ಜೋಡಿಸಿದರು. ಕೊನೆಗೆ ಕೇಳಿಯೇಬಿಟ್ಟರು.

“ಕಾಕಾ, ‘ಹಿಂಡಿನ ಹಾದಿ’ದು ಮೊದಲ್ನೇ ಪ್ರತಿ ಎಲ್ಲಿ ಅದರಿ? ಅಚ್ಚಾಗಿದ್ದು ಎರಡನೇ ಸಲ ಬರ್ದಿದ್ದು ಅಂತ ಮುನ್ನುಡಿಯಾಗ ನೀವೇ ಹೇಳೀರಿ.”

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅವ್ವ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ಅವಳ ಮುಖ ನೋಡಿ ನನಗೆ ಅಳು ಬಂತು.

“ಅದನ್ನ ನಾನೇ ಕುಟ್ಟಿ ಬುಟ್ಟಿ ಮಾಡೀನ್ರಿ ಸಾಹೇಬ್ರ,” ಎಂದು ಅಪ್ಪನ ಕಡೆ ತಿರುಗಿದಳು. “ತಪ್ಪಾತು. ಹೇಳಾಕ ಧೈರ್ಯ ಆಗ್ಲಿಲ್ಲ.”

ಅಪ್ಪ ನಕ್ಕುಬಿಟ್ಟ. “ನನಗ ಅವಾಗೇ ಗೊತ್ತಾಗಿತ್ತು. ಬುಟ್ಟಿ ಒಳಗ ನನ್ನ ಅಕ್ಷರದ ತುಣುಕು ಕಾಣ್ತಿದ್ವು.”

“ಗೊತ್ತಿದ್ದೂ ಸುಮ್ನ ಕುಂತಿದ್ದಿಯೇನು?” ಅವ್ವ ಕೆರಳಿದಳು. “ಇಷ್ಟು ವರ್ಷ ನನ್ನ ಜೀವ ತಿಂದಿ!”

“ಬೈಯಾಕಂತನೇ ಒಳಗ ಬಂದಿದ್ದೆ. ನೀ ತೊಗರಿ ಒಡಕೋತ ಆ ಕಾವ್ಯಾನೇ ಹಾಡ್ತಿದ್ದಿ. ನಾ ಓದಿ ಹೇಳಿದ್ದು ಎಲ್ಲ ನಿನ್ನ ಬಾಯಾಗಿತ್ತು. ಬ್ಯಾಸರ ಬರೋ ಸಾಲೆಲ್ಲ ಬಿಟ್ಟು ಚಲೋ ಇದ್ದವಷ್ಟೇ ಹಾಡ್ತಿದ್ದಿ. ಬಾಗಲ ಹಿಂದ ಕುಂತು ದಿನಾ ಬರ್ಕೊಂಡೆ. ಹೇಳಿದ್ರ ನೀ ನಾಚಿ ಹಾಡೋದೇ ಬಿಡ್ತಿದ್ದಿ.”

ಅಪ್ಪ ಭೀಮಾಶಂಕರರ ಕಡೆ ತಿರುಗಿ ಹೇಳಿದ: “ಮೊದಲ್ನೇ ಪ್ರತಿ ಬೇಕಂದ್ರಲ್ಲ, ಇಕಿನ್ನ ಕೂಡಿಸ್ಕೊಂಡು ಹಾಡಸ್ರಿ.”

ಭೀಮಾಶಂಕರರು ಮೊಬೈಲನ್ನು ರೆಕಾರ್ಡಿಗೆ ಹಚ್ಚಿ ಅವಳ ಮುಂದಿಟ್ಟರು. ಅವ್ವ ಸೆರಗಿಗೆ ಕೈ ಒರೆಸಿಕೊಂಡಳು, ಬೇಡವೆಂದಳು, ಕೊನೆಗೆ ಕೂತಳು. ಮೊದಲು ನೆಲ ನೋಡುತ್ತಲೇ ಹಾಡಿದಳು. ಎರಡನೆಯ ನುಡಿಗೆ ಬಂದಾಗ ನಾವು ಎದುರಿಗಿರುವುದೇ ಅವಳಿಗೆ ಮರೆತುಹೋಗಿತ್ತು. ನನಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ನಡುವೆ ಅಪ್ಪ ಬಾಯಿ ಹಾಕಿದ. “ಏ, ಅಲ್ಲಿ ಒಂದು ಸಾಲು ಬಿಟ್ಟಿ ನೋಡು.”

“ಅದು ಅವಾಗೂ ಚಲೋ ಇರ್ಲಿಲ್ಲ, ಈಗೂ ಚಲೋ ಇಲ್ಲ,” ಎಂದಳು ಅವ್ವ. “ಸುಮ್ನ ಕೂತು ಕೇಳು.”

ಅಪ್ಪ ಕೂತು ಕೇಳಿದ.