ಚಾಂದ್ ಬೀ ಅಂಗಳದ ಷರತ್ತು

ಗುಬ್ಬಿಯ ಚಾಂದ್ ಬೀ ತೆಂಗಿನ ನಾರಿನ ಕಾಲೊರಸುಗಳ ಮೇಲೆ ತಗಡಿನ ಅಚ್ಚಿಟ್ಟು ಬಣ್ಣದ ಚಿತ್ರ ಹಾಕುವವಳು. ಅವನ್ನು ಅಮೆರಿಕಕ್ಕೆ ಕಳಿಸುವವನು ತುಮಕೂರಿನ ಏಜೆಂಟ್ ಬಸವಪ್ರಭು. ತೊಂಬತ್ತೆಂಟರ ಬೇಸಿಗೆಯಲ್ಲಿ ಅವನು ಒಂದು ಹೊರೆ ಮಾಲನ್ನು ಹಾಗೇ ವಾಪಸ್ ತಂದು ಜಗುಲಿಯ ಮೇಲೆ ಕೆಡವಿದ. ಒಂದೊಂದರ ಮೇಲೂ ದೊಡ್ಡ ಕಿವಿಯ ಇಲಿಯೊಂದು ನಗುತ್ತಿತ್ತು. ಮಗಳು ಐಮನ್‌ಳ ಸ್ಕೂಲ್ ಬ್ಯಾಗಿನಿಂದ ಚಾಂದ್ ಬೀ ಇಳಿಸಿಕೊಂಡಿದ್ದ ಇಲಿ.

"ಈ ಇಲಿಗೆ ಅಲ್ಲಿ ಯಜಮಾನ್ರವ್ರೆ ಕಣಮ್ಮ. ಅಮೆರಿಕದವ್ರು ನಮ್ ಮಾಲಿಗೆ ಸುಂಕ ಬಿಟ್ಟವ್ರೆ. ಅವರ ಔಷ್ದಿ, ಸಿನ್ಮಾ, ಚಿತ್ರ ಕದ್ರೆ ರಿಯಾಯ್ತಿ ಕಟ್ ಅಂತ ನಮ್ ದೇಶಕ್ಕೇ ಹೆದರಿಸ್ತಾವ್ರೆ. ನಿಂದೇ ಒಂದು ಚಿತ್ರ ಕೊಡು, ಇಲ್ಲಾಂದ್ರೆ ಆರ್ಡರ್ ಮರ್ತುಬುಡು."

"ನೋಡಿ ಬರೆದ್ರೆ ಅವರ ಇಲಿ ಸವೆದೋಯ್ತದಾ ಬಸಣ್ಣ?" ಎಂದು ಚಾಂದ್ ಬೀ ಬೀದಿಗೆಲ್ಲ ಕೇಳುವಂತೆ ರೇಗಿದಳು.

ಆದರೆ ಆರ್ಡರ್ ಬಿಡುವಂತಿರಲಿಲ್ಲ. ತವರು ಕುಣಿಗಲ್ಲಿನಲ್ಲಿ ಬೇಲಿಯಾಚೆ ಓಡುತ್ತಿದ್ದ ಕುದುರೆಗಳನ್ನು ನೆನೆದು ಒಂದನ್ನು ಬರೆದಳು.

"ಕತ್ತೆ ಚೆನ್ನಾಗೈತೆ," ಎಂದ ಬಸವಪ್ರಭು.

"ಅದು ಕುದ್ರೆ!"

ಏನಾದರೇನು, ಅಮೆರಿಕದವರಿಗೆ ಹಿಡಿಸಿತು. ಮೊದಲಿನ ಎರಡರಷ್ಟು ಆರ್ಡರ್ ಬಂತು.

ಪಕ್ಕದ ಮನೆಯ ಹನುಮಕ್ಕನದೂ ಅದೇ ಕಸುಬು. ಅವಳ ಮನೆಗೆ ಬಿಸಿಲಿಲ್ಲ, ಇವಳ ಮನೆಗೆ ನೀರಿಲ್ಲ. ಹಾಗಾಗಿ ಅವಳ ಮಾಲು ಇವಳ ಅಂಗಳದಲ್ಲಿ ಒಣಗುತ್ತಿತ್ತು, ಇವಳ ನಾರು ಅವಳ ತೊಟ್ಟಿಯಲ್ಲಿ ನೆನೆಯುತ್ತಿತ್ತು. ಒಂದು ಬೆಳಿಗ್ಗೆ ಚಾಂದ್ ಬೀ ಅಂಗಳಕ್ಕೆ ಬಂದು ನೋಡಿದರೆ, ಹನುಮಕ್ಕನ ಕಾಲೊರಸುಗಳ ಮೇಲೆ ತನ್ನದೇ ಕುದುರೆ!

"ಏನೇ ಹನುಮಿ, ನನ್ ಕುದ್ರೆ ಕದ್ದಿದೀಯಾ?"

"ನೋಡಿ ಬರ್ದೆ ಕಣಕ್ಕ. ಸವೆದೋಯ್ತಾ?"

ತನ್ನದೇ ಮಾತು ತನಗೇ ತಿರುಗಿ ಬಂದಿದ್ದಕ್ಕೆ ಚಾಂದ್ ಬೀ ಇನ್ನಷ್ಟು ಕೆರಳಿದಳು.

"ನಾಳೆಯಿಂದ ನನ್ ಅಂಗಳದಾಗೆ ಈ ಮಾಲು ಒಣಗಂಗಿಲ್ಲ. ಬಿಸಿಲು ಬೇಕಾ? ನಿಂದೇ ಚಿತ್ರ ಬರಿ."

"ಅಬ್ಬಬ್ಬಾ, ನೀನೇ ಅಮೆರಿಕಾ ಆಗ್ಬುಟ್ಯಲ್ಲೇ!"

ಚಾಂದ್ ಬೀಗೂ ನಗು ತಡೆಯಲಾಗಲಿಲ್ಲ. ನಕ್ಕಳು, ಆದರೆ ಷರತ್ತು ಸಡಿಲಿಸಲಿಲ್ಲ. ಸೀಮೆಸುಣ್ಣ ತಂದು ಅವಳ ಕೈಗಿಟ್ಟಳು. ಹನುಮಕ್ಕ ಗೊಣಗುತ್ತಲೇ ಕೂತು, ಬೆನ್ನ ಮೇಲೆ ಮೂರು ಮರಿ ಹೊತ್ತ ಕೋಳಿಯೊಂದನ್ನು ನೆಲದ ಮೇಲೆ ಬರೆದಳು. ಎಂಥ ಕೋಳಿ! ಈಗಲೋ ಆಗಲೋ ಕೊಕ್ಕೋ ಎನ್ನುವಂತಿತ್ತು. ಅದರ ಮುಂದೆ ತನ್ನ ಕುದುರೆ ನಿಜಕ್ಕೂ ಕತ್ತೆಯೇ ಅನ್ನಿಸಿತು ಚಾಂದ್ ಬೀಗೆ. ಮೆಲ್ಲಗೆ ಬೆರಳು ಚಾಚಿ, ಗೆರೆಯ ಅಳತೆ ಹಿಡಿಯಹೋದಳು.

"ಮುಟ್ಟೀಯಾ, ತೊಟ್ಟಿ ನೀರು ಬಂದ್!" ಎಂದಳು ಹನುಮಕ್ಕ.

ಚಾಂದ್ ಬೀ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.